ಗೇಜಿನ ಬಾಯಲ್ಲಿ ಹೂವು

ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗಿನ ನನ್ನ ಡೈರಿಗಳೆಲ್ಲ ಬಾಣಾವರದ ಮನೆಯ ಕಬ್ಬಿಣದ ಬೀರುವಿನಲ್ಲಿ ಸಾಲಾಗಿವೆ. ಅವುಗಳಲ್ಲಿ ಮಳೆ ಬಂದದ್ದಿಲ್ಲ, ಮನಸ್ಸಿಗೆ ಬೇಸರವಾದದ್ದೂ ಇಲ್ಲ. ತಾರೀಖು, ಊರು, ಪರೀಕ್ಷೆಗೆ ಕೂತವರೆಷ್ಟು, ಪಾಸಾದವರೆಷ್ಟು, ಫೇಲಾದವರು ಯಾಕೆ ಫೇಲಾದರು, ಇಷ್ಟೇ. ನಮ್ಮ ಯಜಮಾನರು ಒಮ್ಮೆ ತೆರೆದು ನೋಡಿ, "ಇದರಲ್ಲಿ ನನ್ನ ಹೆಸರು ಒಂದು ಸಲನಾದ್ರೂ ಬಂದಿದೆಯೇನೇ?" ಎಂದು ಕೇಳಿದ್ದರು. ಬಂದಿರಲಿಲ್ಲ.

ಹೋದ ತಿಂಗಳು ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಮೇಡಂ, ಸುತ್ತೋಲೆ ಎಲ್ಲ ಓದಿದ್ವಿ. ಆದ್ರೆ ಅಲ್ಲಿಗೆ ಹೋಗಿ ನಿಜವಾಗಿ ಏನು ನೋಡಬೇಕು ಅಂತ ಗೊತ್ತಾಗ್ತಿಲ್ಲ" ಅಂದರು. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಲು ನನ್ನಿಂದ ಆಗಲಿಲ್ಲ. ಅದಕ್ಕೇ ಡೈರಿಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದು ಸೇವಾ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ತರುವುದಿಲ್ಲ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಕಾರ್ಖಾನೆಗಳಲ್ಲಿ ಹುಡುಗರು ಒಂದೆರಡು ವರ್ಷ ಅಪ್ರೆಂಟಿಸ್ ಆಗಿ ಕೆಲಸ ಕಲಿಯುತ್ತಾರೆ. ನಮ್ಮ ಕಾಗದಪತ್ರಗಳಲ್ಲಿ ಅವರಿಗೆ ಶಿಶಿಕ್ಷು ಎಂಬ ಹೆಸರು. ಆ ಹೆಸರಿನಿಂದ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ತರಬೇತಿ ಮುಗಿದ ಮೇಲೆ ಅವರಿಗೊಂದು ಪರೀಕ್ಷೆ. ಕಲಿಸಿದ ಕಾರ್ಖಾನೆಯೇ ಪರೀಕ್ಷೆ ಮಾಡುವಂತಿಲ್ಲ. ಅದಕ್ಕೆಂದೇ ಮಾನ್ಯತೆ ಪಡೆದ ಕೇಂದ್ರಗಳಿರುತ್ತವೆ. ಕೇಂದ್ರದವರು ಅಪ್ರೆಂಟಿಸ್‌ಗಳನ್ನು ಪರೀಕ್ಷಿಸುತ್ತಾರೆ, ನಾವು ಆ ಕೇಂದ್ರಗಳನ್ನು ಪರೀಕ್ಷಿಸುತ್ತೇವೆ. ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಕೇಂದ್ರಗಳು ನನ್ನ ಪಾಲಿಗೆ ಬಂದಿದ್ದವು.

೧೯೯೩ರಲ್ಲಿ ನಾನು ಒಂಟಿಯಾಗಿ ಮಾಡಿದ ಮೊದಲ ತಪಾಸಣೆಯ ಪುಟ ನೋಡಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಲಕರಣೆಗಳ ಪಟ್ಟಿ ಹಿಡಿದು ಬೆಂಚಿನಿಂದ ಬೆಂಚಿಗೆ ಎಣಿಸುತ್ತಾ ಹೋದೆ. ಉಕ್ಕು ಉಜ್ಜುವ ಅರ ನಲವತ್ತು, ಸುತ್ತಿಗೆ ಇಪ್ಪತ್ತು, ತುಂಡನ್ನು ಕಚ್ಚಿ ಹಿಡಿಯುವ ವೈಸು ಇಪ್ಪತ್ತು. ಎಲ್ಲ ಪಟ್ಟಿಯಂತೆಯೇ ಇತ್ತು. 'ಸರಿಯಾಗಿದೆ' ಎಂದು ಬರೆದು ಸಹಿ ಹಾಕುವಾಗ ಕೊನೆಯ ಬೆಂಚಿನ ಹುಡುಗನೊಬ್ಬ, "ಮೇಡಂ, ಎಣಿಸಿದ್ದಾಯ್ತಲ್ಲ, ಒಂದ್ಸಲ ಉಜ್ಜಿ ನೋಡಿ" ಅಂದ.

"ಯಾಕಪ್ಪ?"

"ಈ ಅರದಲ್ಲಿ ಗಡ್ಡ ಉಜ್ಜಿದ್ರೂ ಒಂದು ಕೂದ್ಲು ಹೋಗಕಿಲ್ಲ."

ಇಡೀ ಶೆಡ್ಡು ನಕ್ಕಿತು. ಸಹಿಯನ್ನು ಅಲ್ಲಿಗೇ ನಿಲ್ಲಿಸಿ ಒಂದೊಂದೇ ಅರ ಎತ್ತಿ ಉಗುರಿನ ಮೇಲೆ ಎಳೆದು ನೋಡಿದೆ. ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: 'ಅರ ೪೦. ಹಲ್ಲಿರುವ ಅರ ೯.' ಅಂದಿನಿಂದ ನಾನು ಯಾವ ಪಟ್ಟಿಯನ್ನೂ ಎಣಿಕೆಯಿಂದ ಮಾತ್ರ ಮುಗಿಸಲಿಲ್ಲ.

ಎರಡು ವರ್ಷದ ನಂತರ ಬೇಲೂರಿನ ಒಂದು ಕೇಂದ್ರದ ಸರದಿ. ಅಲ್ಲಿನ ಪರೀಕ್ಷಕರು ಕೃಷ್ಣೇಗೌಡರು ಎಂಬ ಹಿರಿಯರು, ಕೈಕೆಲಸದಲ್ಲಿ ನಿಸ್ಸೀಮರು. ಫಿಟ್ಟರ್ ಪರೀಕ್ಷೆಯಲ್ಲಿ ಹುಡುಗರು ಎರಡು ಉಕ್ಕಿನ ತುಂಡುಗಳನ್ನು ಉಜ್ಜಿ ಒಂದರೊಳಗೊಂದು ಕೂರುವಂತೆ ಮಾಡಬೇಕು. ಆ ತುಂಡಿಗೆ ಜಾಬು ಎನ್ನುತ್ತಾರೆ. ಗೌಡರು ಜೋಡಿಸಿದ ಜಾಬನ್ನು ಕಿಟಕಿಯ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಸಂದಿಯಲ್ಲಿ ಬೆಳಕು ಕಂಡರೆ ಫೇಲು, ಕಾಣದಿದ್ದರೆ ಪಾಸು. ನಾನು ತಲುಪಿದಾಗ ಸಂಜೆ ಆರು ದಾಟಿತ್ತು, ಮೋಡ ಕವಿದಿತ್ತು, ಕರೆಂಟು ಹೋಗಿತ್ತು. ಗೌಡರು ಆಗಲೂ ಜಾಬುಗಳನ್ನು ಕಿಟಕಿಗೆ ಹಿಡಿಯುತ್ತಲೇ ಇದ್ದರು.

"ಎಷ್ಟು ಜನ ಪಾಸಾದ್ರು ಸಾರ್?"

"ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಕಣಮ್ಮ. ಈ ಸಲದ ಹುಡುಗ್ರು ಭಾರಿ ಚೆನ್ನಾಗವ್ರೆ. ಒಬ್ಬಂದ್ರಲ್ಲೂ ಒಂದು ಚೂರು ಬೆಳಕು ಬರಲಿಲ್ಲ."

"ಹೊರಗೇ ಬೆಳಕಿಲ್ಲವಲ್ಲ ಸಾರ್."

ಅವರು ಕಿಟಕಿಯನ್ನು ನೋಡಿದರು, ಕೈಯಲ್ಲಿದ್ದ ಜಾಬನ್ನು ನೋಡಿದರು. ಆಮೇಲೆ ಮೆಲ್ಲಗೆ ಕೆಳಗಿಟ್ಟು, "ನಾಳೆ ಬೆಳಿಗ್ಗೆ ಬಾರಮ್ಮ" ಅಂದರು. ಬೆಳಿಗ್ಗೆ ಬಿಸಿಲಿಗೆ ಹಿಡಿದಾಗ ಹದಿಮೂರು ಜನ ಪಾಸಾದರು. ಉಳಿದ ಒಂಬತ್ತು ಜನ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೂ ಬೈಯುತ್ತಾ ಬಂದರು.

ಅದೇ ವಾರ ನಾನೊಂದು ಪ್ರಸ್ತಾವ ಬರೆದೆ. ಇನ್ನು ಮುಂದೆ ಕಣ್ಣಳತೆ ಬೇಡ, ಎಲ್ಲ ಕೇಂದ್ರಗಳೂ ಉಕ್ಕಿನ ಗೇಜು ತರಿಸಿ ಅದರಿಂದಲೇ ಅಳೆಯಬೇಕು ಎಂದು. ನಮ್ಮ ಮೇಲಧಿಕಾರಿ ಚಂದ್ರಶೇಖರಯ್ಯನವರು ಹಾಸನದ ಕಚೇರಿಯಲ್ಲಿ ಕೂತು ಯಾರ ಪ್ರಸ್ತಾವಕ್ಕಾದರೂ ಮೂರು ಪ್ರಶ್ನೆ ಹಾಕಿ ಹಿಂದಕ್ಕೆ ಕಳಿಸುವವರು. ನನ್ನದಕ್ಕೆ ಒಂದೂ ಪ್ರಶ್ನೆ ಹಾಕದೆ ಸಹಿ ಮಾಡಿದರು. ೧೯೯೬ರ ಮಧ್ಯದ ಹೊತ್ತಿಗೆ ಎಲ್ಲ ಕೇಂದ್ರಗಳಿಗೂ ಹೊಸ ಗೇಜು ಬಂತು. ನಾನು ಹೆಮ್ಮೆಯಿಂದ ಬೀಗಿದೆ.

ಗೇಜಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದು ಅಂಗೈಯಷ್ಟು ದೊಡ್ಡದಾದ ಉಕ್ಕಿನ ಸಾಧನ, ಎರಡು ತುದಿಗೂ ಒಂದೊಂದು ಬಾಯಿ. ಒಂದು ಬಾಯಿಯ ಪಕ್ಕ 'ಗೋ' ಎಂದೂ ಇನ್ನೊಂದರ ಪಕ್ಕ 'ನೋ ಗೋ' ಎಂದೂ ಕೊರೆದಿರುತ್ತದೆ. ಜಾಬು ಗೋ ಬಾಯೊಳಗೆ ಹೋಗಬೇಕು, ನೋ ಗೋ ಬಾಯೊಳಗೆ ಹೋಗಬಾರದು. ಗೋ ಬಾಯೊಳಗೆ ಹೋಗದಿದ್ದರೆ ಜಾಬು ದಪ್ಪ, ಹುಡುಗ ಕಡಿಮೆ ಉಜ್ಜಿದ್ದಾನೆ. ನೋ ಗೋ ಬಾಯೊಳಗೆ ಹೋಗಿಬಿಟ್ಟರೆ ಜಾಬು ತೆಳು, ಹೆಚ್ಚು ಉಜ್ಜಿದ್ದಾನೆ. ಎರಡು ಬಾಯಿಗಳ ನಡುವಿನ ವ್ಯತ್ಯಾಸ ಸುಮಾರು ಒಂದು ತಲೆಗೂದಲಿನ ದಪ್ಪದಷ್ಟು. ಆ ಕೂದಲಿನಷ್ಟು ಜಾಗದಲ್ಲಿ ಹುಡುಗನ ಎರಡು ವರ್ಷದ ಕಲಿಕೆ ಕೂರಬೇಕು.

೧೯೯೬ರ ಡಿಸೆಂಬರಿನಲ್ಲಿ ಅರಸೀಕೆರೆಯ ಒಂದು ಖಾಸಗಿ ಕೇಂದ್ರದಲ್ಲಿ ಹೊಸ ಗೇಜಿನ ಮೊದಲ ಪರೀಕ್ಷೆ. ಕೇಂದ್ರದ ಹೆಸರು ಬೇಡ. ಮುಖ್ಯಸ್ಥರೂ ಪರೀಕ್ಷಕರೂ ಆಗಿದ್ದವರು ಸಿದ್ದಲಿಂಗಪ್ಪ ಮೇಷ್ಟ್ರು. ಮನೆಯವರೆಲ್ಲ ಕೊಬ್ಬರಿ ವ್ಯಾಪಾರದಲ್ಲಿದ್ದರೆ ಇವರೊಬ್ಬರು ವರ್ಕ್‌ಶಾಪು ಹಿಡಿದಿದ್ದರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಉಕ್ಕಿನ ಸ್ಕೇಲು. ಒಬ್ಬ ಹುಡುಗನಿಂದ ಒಂದು ಲೋಟ ಕಾಫಿಯನ್ನೂ ಮುಟ್ಟದ ಮನುಷ್ಯ.

ಹದಿನಾರು ಜನ ಕೂತರು. ನಾಲ್ಕು ಜನ ಪಾಸಾದರು.

ಫೇಲಾದ ಹನ್ನೆರಡು ಜನರಲ್ಲಿ ಒಬ್ಬ ಮಾತ್ರ ಮುಂದೆ ಬಂದ. ಮಾದಿಹಳ್ಳಿಯ ಸಿದ್ಧಾರ್ಥ, ತೆಳ್ಳಗಿನ ಎತ್ತರದ ಹುಡುಗ, ವಯಸ್ಸು ಇಪ್ಪತ್ತೆರಡಿರಬೇಕು. "ಸಾರ್, ನನ್ನ ವರ್ನಿಯರ್‌ನಲ್ಲಿ ಇಪ್ಪತ್ತೈದು ಪಾಯಿಂಟ್ ಸೊನ್ನೆ ಎರಡು ಬಂದಿತ್ತು. ಗೋ ಕಡೆ ಹೋಗಬೇಕಿತ್ತು" ಅಂದ. ವರ್ನಿಯರ್ ಅಂದರೆ ಹುಡುಗರು ತಾವೇ ಇಟ್ಟುಕೊಂಡು ಅಳೆಯುವ ಸಾಧನ. ಜಾಬಿನ ಅಳತೆ ಇಪ್ಪತ್ತೈದು ಮಿಲಿಮೀಟರು, ಪಾಯಿಂಟ್ ಸೊನ್ನೆ ನಾಲ್ಕರವರೆಗೆ ಹೆಚ್ಚುಕಡಿಮೆ ನಡೆಯುತ್ತದೆ.

"ನಿನ್ನ ವರ್ನಿಯರ್ ಮಾತು ಕೇಳಿ ಸರ್ಟಿಫಿಕೇಟ್ ಕೊಡಕ್ಕಾಗುತ್ತೇನಯ್ಯಾ? ಗೇಜಿನ ಮಾತು ಕೇಳಬೇಕು" ಅಂದರು ಮೇಷ್ಟ್ರು. ಹುಡುಗ ನನ್ನ ಕಡೆ ನೋಡಿದ. ನಾನು ಮೇಷ್ಟ್ರ ಮಾತಿಗೆ ತಲೆಯಾಡಿಸಿದೆ.

ಬೇಲೂರಿನ ಕತ್ತಲೆ ಕಂಡು ಬಂದಿದ್ದ ನನಗೆ ಹದಿನಾರಕ್ಕೆ ನಾಲ್ಕು ಎಂಬುದು ಶಿಸ್ತಿನ ಗುರುತಾಗಿ ಕಂಡಿತು. 'ಕಟ್ಟುನಿಟ್ಟು. ಮಾದರಿ ಕೇಂದ್ರ' ಎಂದು ವರದಿ ಬರೆದೆ. ಆ ವರದಿಯ ಪ್ರತಿಗಳು ಜಿಲ್ಲೆಯ ಎಲ್ಲ ಕೇಂದ್ರಗಳಿಗೂ ಹೋದವು. ಮರುವರ್ಷ ಡಿಸೆಂಬರಿನಲ್ಲಿ ಅದೇ ಕೇಂದ್ರದಲ್ಲಿ ಹದಿನೈದು ಜನ ಕೂತು ಮತ್ತೆ ನಾಲ್ಕೇ ಜನ ಪಾಸಾದರು. ಆಗಲೂ ನನಗೆ ಅನುಮಾನ ಬರಲಿಲ್ಲ. ಹೊಸಬರಿಗೆ ಇದೊಂದನ್ನು ಒತ್ತಿ ಹೇಳುತ್ತೇನೆ: ಎಲ್ಲರನ್ನೂ ಪಾಸು ಮಾಡುವ ಕೇಂದ್ರದ ಮೇಲೆ ನಮಗೆ ತಾನಾಗಿಯೇ ಕಣ್ಣು ಹೋಗುತ್ತದೆ. ಎಲ್ಲರನ್ನೂ ಫೇಲು ಮಾಡುವ ಕೇಂದ್ರವನ್ನು ಯಾರೂ ಹೋಗಿ ನೋಡುವುದಿಲ್ಲ.

೧೯೯೮ರ ಜನವರಿಯಲ್ಲಿ ಬೇಲೂರಿನ ಕೆಲಸ ಮುಗಿಸಿ ಹಳೇಬೀಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬಸ್‌ಸ್ಟ್ಯಾಂಡಿನ ಎದುರು ಪಂಪ್‌ಸೆಟ್ ರಿಪೇರಿ ಅಂಗಡಿ. ಒಳಗೆ ಗೋಡೆಯಲ್ಲಿ ಬುದ್ಧನ ಕ್ಯಾಲೆಂಡರು, ಅದರ ಕೆಳಗೆ ಮೋಟಾರಿನ ಶಾಫ್ಟನ್ನು ವೈಸಿಗೆ ಹಿಡಿಸಿ ಒಬ್ಬ ಅರ ಹಾಕುತ್ತಿದ್ದ. ಅರ ಹೋಗಿ ಬರುವ ಸದ್ದು ಒಂದೇ ಸಮನಾಗಿತ್ತು. ಒಳ್ಳೆಯ ಕೈಯ ಸದ್ದು ಹಾಗಿರುತ್ತದೆ. ನಾನು ನೋಡುತ್ತಾ ನಿಂತೆ. ಅವನು ತಲೆಯೆತ್ತಿದ.

"ಏನ್ ಮೇಡಂ, ಗುರುತು ಸಿಕ್ಲಿಲ್ವಾ? ಅರಸೀಕೆರೆಲಿ ನೀವು ತಲೆ ಆಡಿಸಿದ್ರಲ್ಲ, ಆ ಫೇಲು ನಾನೇ."

"ಸಿದ್ಧಾರ್ಥ ಅಲ್ವಾ? ಹೋದ ತಿಂಗಳು ಮತ್ತೆ ಯಾಕಪ್ಪ ಪರೀಕ್ಷೆಗೆ ಕೂರಲಿಲ್ಲ?"

"ಫೇಲಾದವನ ಅರ್ಜಿಗೆ ಫ್ಯಾಕ್ಟರಿಯವರು ಸಹಿ ಹಾಕ್ಲಿಲ್ಲ. ಈಗ ಹಾಸನ ರೋಡಿನ ನಮ್ಮ ಫ್ಯಾಕ್ಟರಿಲೇ ಫಿಟ್ಟರ್ ಪೋಸ್ಟು ಖಾಲಿ ಐತೆ. ಸೂಪರ್‌ವೈಸರು ನನ್ನ ಕೈ ನೋಡವ್ರೆ. ಮಾರ್ಚ್ ಮೂವತ್ತೊಂದರೊಳಗೆ ಸರ್ಟಿಫಿಕೇಟ್ ತಾ, ಆಮೇಲಾದ್ರೆ ಬೇರೆಯವರಿಗೆ ಕೊಡ್ತೀನಿ ಅಂದವ್ರೆ. ಎಲ್ಲಿಂದ ತರಲಿ? ನಮ್ಮಕ್ಕ ಟೀಚರು, ಚಿಕ್ಕಪ್ಪ ಪೋಸ್ಟಾಫೀಸು. ಮನೇಲಿ ನಾನೊಬ್ಬನೇ ಹಿಂಗೆ." ಮತ್ತೆ ಅರ ಎತ್ತಿಕೊಂಡು, ನನ್ನ ಕಡೆ ನೋಡದೆ, "ನನ್ನ ಜಾಬು ಸರಿಯಾಗಿತ್ತು ಮೇಡಂ. ನಿಮ್ಮ ಗೇಜು ನೋಡ್ಕಳಿ" ಅಂದ.

ಬಸ್ಸು ಬಂತು, ಹತ್ತಿದೆ. ಫೇಲಾದವರೆಲ್ಲ ಹೇಳುವ ಮಾತೇ ಅದು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅವನ ಅರದ ಸದ್ದು ಕಿವಿಯಿಂದ ಹೋಗಲಿಲ್ಲ. ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಡೈರಿಗಳನ್ನು ತೆಗೆದೆ.

ಯಾಕೆ ಫೇಲು ಎಂಬುದನ್ನು ನಾನು ಬರೆಯುತ್ತಿದ್ದೆ ಎಂದೆನಲ್ಲ. ಒಂದು ಹಾಳೆಯಲ್ಲಿ ಎರಡು ಕಲಂ ಹಾಕಿದೆ, ದಪ್ಪ ಮತ್ತು ತೆಳು. ಬೇಲೂರಿನ ಎರಡು ವರ್ಷದ ಫೇಲು ಹದಿನೇಳು. ದಪ್ಪ ಆರು, ತೆಳು ಹನ್ನೊಂದು. ಅರಸೀಕೆರೆಯ ಎರಡು ವರ್ಷದ ಫೇಲು ಇಪ್ಪತ್ತಮೂರು. ದಪ್ಪ ಇಪ್ಪತ್ತಮೂರು, ತೆಳು ಸೊನ್ನೆ.

ಕೈ ತಪ್ಪಿದರೆ ಎರಡೂ ಕಡೆಗೆ ತಪ್ಪಬೇಕು. ಒಬ್ಬ ಕಡಿಮೆ ಉಜ್ಜುತ್ತಾನೆ, ಇನ್ನೊಬ್ಬ ಜಾಸ್ತಿ ಉಜ್ಜುತ್ತಾನೆ. ಇಪ್ಪತ್ತಮೂರು ಜನ ಬೇರೆ ಬೇರೆ ಊರಿನ ಹುಡುಗರು ಒಟ್ಟಿಗೆ ಒಂದೇ ಕಡೆಗೆ ತಪ್ಪುವುದಿಲ್ಲ. ಆ ಅಂಕಿಗಳು ಒಂದು ವರ್ಷದಿಂದ ನನ್ನ ಬೀರುವಿನಲ್ಲೇ ಇದ್ದವು. ಬರೆದವಳು ನಾನೇ, ಓದದೆ ಇದ್ದವಳೂ ನಾನೇ.

ಗೇಜನ್ನೇ ಅಳೆಯಲು ಉಕ್ಕಿನ ಅಚ್ಚುಗಳಿರುತ್ತವೆ. ಕನ್ನಡಿಯಂತೆ ಹೊಳೆಯುವ ಚಿಕ್ಕ ಚಿಕ್ಕ ತುಂಡುಗಳು, ಒಂದಕ್ಕೊಂದು ಒತ್ತಿ ತಿರುಗಿಸಿದರೆ ಅಂಟಿಕೊಂಡು ನಮಗೆ ಬೇಕಾದ ಅಳತೆ ಕೊಡುತ್ತವೆ. ಹಾಸನದಲ್ಲಿ ಪರಿಚಯದ ಪ್ರಯೋಗಾಲಯದಿಂದ ಅವುಗಳ ಪೆಟ್ಟಿಗೆ ಎರವಲು ಪಡೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಹೇಳದೆ ಕೇಳದೆ ಅರಸೀಕೆರೆ ಕೇಂದ್ರಕ್ಕೆ ಹೋದೆ.

"ಗೇಜು ನೋಡಬೇಕು ಸಾರ್" ಅಂದೆ.

ಸಿದ್ದಲಿಂಗಪ್ಪ ಮೇಷ್ಟ್ರು ಸಂತೋಷಪಟ್ಟರು. ಕೈ ತೊಳೆದು ಬಂದರು. ಚಪ್ಪಲಿ ಕಳಚಿ ಬೀರು ತೆರೆದರು. ಕೆಂಪು ಮಖಮಲ್ಲಿನ ಪೆಟ್ಟಿಗೆ, ಅದರೊಳಗೆ ಗೇಜು. ಅದರ ಬೆನ್ನಿನ ಮೇಲೆ ಅರಿಶಿನ ಕುಂಕುಮ ಹಾಗೇ ಒಣಗಿತ್ತು. "ವರ್ಷಕ್ಕೆ ಎರಡೇ ಸಲ ಹೊರಗೆ ತೆಗಿಯೋದು ಮೇಡಂ. ಆಯುಧಪೂಜೆಗೊಂದ್ಸಲ, ಪರೀಕ್ಷೆಗೊಂದ್ಸಲ. ಬೇರೆ ಯಾರೂ ಮುಟ್ಟಂಗಿಲ್ಲ."

ನಾನು ಗೋ ಬಾಯಿಯನ್ನು ಬೆಳಕಿಗೆ ಹಿಡಿದೆ. ಒಳಗಿನ ಮುಖಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಮೂಲೆಯಲ್ಲಿ ಏನೋ ಎಳೆ ಅಂಟಿತ್ತು. ಪಿನ್ನಿನಿಂದ ಎಬ್ಬಿಸಿದರೆ ಒಣಗಿದ ಹೂವಿನ ಎಸಳು.

"ಇದೇನು ಸಾರ್?"

ಬಾಗಿಲಲ್ಲಿ ನಿಂತಿದ್ದ ಸ್ಟೋರ್‌ಕೀಪರ್ ರಂಗಣ್ಣ ಉತ್ತರ ಕೊಟ್ಟ. "ಚೆಂಡು ಹೂ ಮೇಡಂ. ಪೂಜೆ ದಿನ ಅಲ್ಲೇ ಸಿಕ್ಸೋದು. ಹದಿನೈದು ದಿನ ಬಿಟ್ಟು ತೆಗ್ದು ಬಟ್ಟೇಲಿ ಒರೆಸ್ತೀವಿ."

"ಈ ಬಾಯಿಗೇ ಯಾಕೆ? ಆ ಕಡೆಯೂ ಒಂದು ಬಾಯಿದೆಯಲ್ಲ."

"ಅದು ನೋ ಗೋ ಅಲ್ವರಾ? ನಮ್ಮ ಹುಡುಗ್ರು ಪಾಸಾಗ್ಲಿ ಅಂತ ಪೂಜೆ ಮಾಡೋದು. ನೋ ಗೋ ಅನ್ನೋ ಕಡೆ ಯಾರಾದ್ರೂ ಹೂ ಇಡ್ತಾರಾ?"

ಹಸಿ ಹೂವು, ಅರಿಶಿನದ ನೀರು, ಮುಚ್ಚಿದ ಪೆಟ್ಟಿಗೆ. ಎರಡು ವಾರದಲ್ಲಿ ಉಕ್ಕಿನ ಮೇಲೆ ಗಟ್ಟಿಯಾಗಿ ಏನೋ ಕಟ್ಟಿಕೊಂಡಿತ್ತು, ಬಟ್ಟೆಗೆ ಬಗ್ಗುವಂಥದ್ದಲ್ಲ. ನಾನು ಅಚ್ಚುಗಳನ್ನು ಜೋಡಿಸಿದೆ: ಇಪ್ಪತ್ತು, ನಾಲ್ಕು, ಒಂದು ಪಾಯಿಂಟ್ ಸೊನ್ನೆ ನಾಲ್ಕು. ಒಟ್ಟು ಇಪ್ಪತ್ತೈದು ಪಾಯಿಂಟ್ ಸೊನ್ನೆ ನಾಲ್ಕು. ಗೋ ಬಾಯೊಳಗೆ ಅದು ಹೋಗಲೇಬೇಕು. ಹೋಗಲಿಲ್ಲ. ಸೊನ್ನೆ ಮೂರು ಹೋಗಲಿಲ್ಲ. ಸೊನ್ನೆ ಎರಡು, ಸೊನ್ನೆ ಒಂದು ಹೋಗಲಿಲ್ಲ. ಸರಿಯಾಗಿ ಇಪ್ಪತ್ತೈದಕ್ಕೂ ಬಾಯಿ ಬಿಡಲಿಲ್ಲ. ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು ಒಂಬತ್ತಕ್ಕೆ ಇಳಿಸಿದಾಗ ಒಳಗೆ ಹೋಯಿತು. ಹೂವಿಲ್ಲದ ನೋ ಗೋ ಬಾಯಿ ಮಾತ್ರ ಕಂಪನಿಯಿಂದ ಬಂದಂತೆಯೇ ಇತ್ತು. ಹಾಗಾಗಿ ಪಾಸಾದವರು ನಿಜವಾಗಿಯೂ ಪಾಸಾದವರೇ. ಫೇಲಾದವರ ಕಥೆ ಬೇರೆ.

ಮೇಷ್ಟ್ರು ಒಂದೊಂದು ಅಚ್ಚನ್ನೂ ತಾವೇ ತೆಗೆದುಕೊಂಡು ಇನ್ನೊಮ್ಮೆ ಹಾಕಿ ನೋಡಿದರು. ಕೊನೆಯದನ್ನು ಕೆಳಗಿಟ್ಟರು.

"ಹುಡುಗ್ರು ಹೇಳಿದ್ರು. ಎರಡು ವರ್ಷವೂ ಹೇಳಿದ್ರು" ಅಂದರು.

"ನಾನೂ ಪಕ್ಕದಲ್ಲೇ ನಿಂತಿದ್ದೆ ಸಾರ್."

"ಹೂ ಸಿಕ್ಕಿಸಿದ್ದು ನನ್ನ ಕೈ. ಬರೆದುಕೊಡ್ತೀನಿ ಮೇಡಂ, ಪೇಪರ್ ಕೊಡಿ." ಅಲ್ಲೇ ಕೂತು, ಸುಂದರವಾದ ದುಂಡು ಅಕ್ಷರದಲ್ಲಿ, ಯಾರ ಮೇಲೂ ಹಾಕದೆ ಒಂದು ಪುಟ ಬರೆದು ಸಹಿ ಹಾಕಿದರು. ನನ್ನ ಸೇವೆಯಲ್ಲಿ ಕೇಂದ್ರದವರಿಂದ ಎಷ್ಟೋ ವಿವರಣೆಗಳನ್ನು ಪಡೆದಿದ್ದೇನೆ. 'ಆದರೆ' ಎಂಬ ಪದವಿಲ್ಲದ ವಿವರಣೆ ಅದೊಂದೇ.

ಮರುದಿನ ಆ ಪುಟವನ್ನೂ ನನ್ನ ಎರಡು ಕಲಂ ಹಾಳೆಯನ್ನೂ ಚಂದ್ರಶೇಖರಯ್ಯನವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಇದನ್ನು ಮಾದರಿ ಕೇಂದ್ರ ಅಂತ ಬರೆದೋರು ಯಾರಮ್ಮ?"

"ನಾನೇ ಸಾರ್."

"ಈಗ ಇದೇ ಕೇಂದ್ರದ ಫಲಿತಾಂಶ ತಪ್ಪು ಅಂತ ಬರೀತಿರೋರು?"

"ನಾನೇ ಸಾರ್."

"ಹಾಗಾದ್ರೆ ವಿವರಣೆ ಕೇಳಿ ಮೆಮೊ ಯಾರಿಗೆ ಕೊಡಲಿ?"

"ನನಗೇ ಕೊಡಿ ಸಾರ್. ಆದ್ರೆ ಆ ಇಪ್ಪತ್ತಮೂರು ಜನಕ್ಕೆ ಮರು ಅಳತೆ ಆಗಬೇಕು. ಅದರಲ್ಲಿ ಒಬ್ಬನಿಗೆ ಮಾರ್ಚ್ ಮೂವತ್ತೊಂದು ದಾಟಿದ್ರೆ ಸಿಗೋ ಕೆಲಸ ತಪ್ಪಿಹೋಗುತ್ತೆ."

ಅವರು ಕಿಟಕಿಯ ಹೊರಗೆ ನೋಡಿದರು. "ಬಾಯಿಮಾತಿನ ಮೇಲೆ, ಡೈರಿ ಮೇಲೆ ನಾನು ಒಬ್ಬನನ್ನೂ ಪಾಸು ಮಾಡಲ್ಲ. ಅವರು ಉಜ್ಜಿದ ಜಾಬು, ಅದರ ಮೇಲೆ ಕೊರೆದ ರೋಲ್ ನಂಬರು, ಎರಡೂ ಕಣ್ಣೆದುರು ಇರಬೇಕು. ಇದ್ರೆ ಅಳೀರಿ. ಇಲ್ಲದವರಿಗೆ ಇಲ್ಲ" ಎಂದು ಹಾಗೆಯೇ ಟಿಪ್ಪಣಿ ಬರೆದರು.

ತೊಡಕು ಇದ್ದದ್ದು ಇಲ್ಲೇ. ಜಾಬುಗಳನ್ನು ಒಂದು ವರ್ಷ ಇಟ್ಟು ಗುಜರಿಗೆ ಹಾಕಬೇಕೆಂಬುದು ನಿಯಮ. ೧೯೯೭ರ ಹನ್ನೊಂದು ಜಾಬುಗಳು ಇದ್ದೇ ಇರುತ್ತವೆ. ಸಿದ್ಧಾರ್ಥನದು ೧೯೯೬ರದು. ಅದರ ಅವಧಿ ಹಿಂದಿನ ತಿಂಗಳೇ ಮುಗಿದಿತ್ತು.

ಅಂದೇ ಮಧ್ಯಾಹ್ನ ಅರಸೀಕೆರೆಗೆ ಓಡಿದೆ. ಸ್ಟೋರಿನ ಬಾಗಿಲಲ್ಲಿ ರಂಗಣ್ಣ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ.

"ತೊಂಬತ್ತಾರರ ಜಾಬು ಎಲ್ಲಿವೆ ರಂಗಣ್ಣ?"

"ಹೋದ ಸೋಮವಾರ ಗುಜರಿಯವ್ನು ಬಂದು ಹಳೇದೆಲ್ಲ ಲಾರಿಗೆ ತುಂಬ್ಕಂಡು ಹೋದ್ನಲ್ಲ ಮೇಡಂ."

"ಎಲ್ಲಾನೂ?"

"ಎಲ್ಲಾ. ಗುಡಿಸಿ ಹಾಕಿದಂಗೆ ಹೋಯ್ತು."

ಒಳಗೆ ಹೋಗಿ ನೋಡಿದೆ. ೧೯೯೭ರ ಜಾಬುಗಳಿದ್ದ ಒಂದು ಅರೆ ಬಿಟ್ಟರೆ ಕಪಾಟು ಖಾಲಿ, ಮೂಲೆ ಖಾಲಿ. ಕೂರಲು ಕುರ್ಚಿ ಹುಡುಕಿದೆ, ಅದೂ ಇರಲಿಲ್ಲ. ಹೊರಗೆ ಬಂದು ರಂಗಣ್ಣನ ಕಡೆ ನೋಡಿದೆ.

"ಕುರ್ಚಿ ಇಲ್ಲದೆ ನೀನು ಯಾತರ ಮೇಲೆ ಕೂತಿದೀಯ?"

ಅವನು ತಾನೇ ಬಗ್ಗಿ ನೋಡಿಕೊಂಡ. ಕೊಬ್ಬರಿ ಮಂಡಿಯ ಗುರುತಿದ್ದ ಗೋಣಿಚೀಲ, ಮೇಲೊಂದು ಮಡಿಸಿದ ಕಂಬಳಿ. "ಇದಾ? ಕುರ್ಚಿ ಕಾಲು ಮುರಿದು ಒಂದು ವರ್ಷ ಆಯ್ತಲ್ಲ, ಆವತ್ತಿಂದ ಇದ್ರ ಮೇಲೇ ಕೂರೋದು. ತೊಂಬತ್ತಾರರ ಜಾಬು ತುಂಬಿದ್ದು..." ಎಂದವನು ಮಾತು ನಿಲ್ಲಿಸಿ ನಿಧಾನವಾಗಿ ಎದ್ದು ನಿಂತ.

"ಗುಜರಿಯವನು ಕೇಳಲಿಲ್ವಾ?"

"ಕೇಳ್ದ. ಕೊಬ್ಬರಿ ಕಣಯ್ಯ ಅಂದೆ. ಕೊಟ್ಬಿಟ್ರೆ ನಾನು ಕೂರೋದೆಲ್ಲಿ ಮೇಡಂ?"

ಇಲಾಖೆಯ ನಿಯಮ ಮುರಿದದ್ದಕ್ಕೆ ನಾನು ಜೀವಮಾನದಲ್ಲಿ ಒಬ್ಬನಿಗೇ ಕೈಮುಗಿದದ್ದು, ಅದು ರಂಗಣ್ಣನಿಗೆ. ಚೀಲ ಬಿಚ್ಚಿದೆವು. ಎಷ್ಟೋ ವರ್ಷ ಕೊಬ್ಬರಿ ತುಂಬಿ ತುಂಬಿ ಆ ಗೋಣಿಗೆ ಎಣ್ಣೆ ಹಿಡಿದಿತ್ತು. ಒಳಗಿನ ಹದಿನಾರು ಜಾಬುಗಳೂ ನಿನ್ನೆ ಉಜ್ಜಿದಂತೆ ಇದ್ದವು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಪೂಜೆಗೊಂಡ ಗೇಜಿಗೆ ತುಕ್ಕು ಹಿಡಿದಿತ್ತು, ರಂಗಣ್ಣನ ಕೆಳಗೆ ಬಿದ್ದಿದ್ದ ಜಾಬುಗಳಿಗೆ ಒಂದು ಕಲೆಯೂ ಇರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಮರು ಅಳತೆ. ಇಪ್ಪತ್ತಮೂರು ಜನಕ್ಕೂ ನಾನೇ ಕಾರ್ಡು ಬರೆದಿದ್ದೆ, ಇಪ್ಪತ್ತೊಂದು ಜನ ಬಂದರು. ಬೇರೆ ಕೇಂದ್ರದಿಂದ ತಂದ ಗೇಜನ್ನು ಎಲ್ಲರ ಕಣ್ಣೆದುರು ಅಚ್ಚುಗಳಿಂದ ಅಳೆದು ತೋರಿಸಿದೆ. ಆಮೇಲೆ ಅಳೆಯಲು ಮೇಷ್ಟ್ರೇ ನಿಂತರು. ಬೇರೆ ಯಾರಾದರೂ ಅಳೆಯಲಿ ಎಂದು ನಾನು ಹೇಳಿ ನೋಡಿದೆ. "ತಪ್ಪು ಅಳೆದೋನು ನಾನು, ಸರಿ ಅಳೆಯೋನೂ ನಾನೇ ಆಗಬೇಕು" ಅಂದರು. ಒಂದೊಂದೇ ರೋಲ್ ನಂಬರು ಕೂಗಿ, ಜಾಬು ಹಿಡಿದು, ಮೊದಲು ಗೋ, ಆಮೇಲೆ ನೋ ಗೋ. ನಾನು ಗೆರೆ ಎಳೆಯುತ್ತಾ ಹೋದೆ. ಗೇಜಿಗೆ ಕೂತ ಜಾಬಿನ ಉಳಿದ ಅಂಕಗಳನ್ನೂ ಅಲ್ಲೇ ಹಾಕಿದೆವು.

ಸಿದ್ಧಾರ್ಥನ ಜಾಬು ಚೀಲದ ತಳದಲ್ಲಿತ್ತು, ಎಲ್ಲರಿಗಿಂತ ಕೊನೆಗೆ ಬಂತು. ಮೇಷ್ಟ್ರು ನಂಬರು ಓದಿದರು, ಅವನ ಮುಖ ನೋಡಿದರು. ಜಾಬನ್ನೂ ಗೇಜನ್ನೂ ಅವನ ಕೈಗೇ ಕೊಟ್ಟರು. "ನೀನೇ ಹಾಕಯ್ಯ."

ಅವನು ಗೇಜನ್ನು ಜಾಬಿನ ಮೇಲೆ ಹಗುರಾಗಿ ಇಟ್ಟು ಕೈ ಬಿಟ್ಟ. ಗೋ ಬಾಯಿ ತನ್ನ ಭಾರಕ್ಕೇ ಜಾರಿ ಕೆಳಗೆ ಬಂದು ಕೂತಿತು. ತಿರುಗಿಸಿ ನೋ ಗೋ ಇಟ್ಟ. ಅಂಚಿನಲ್ಲೇ ನಿಂತಿತು. ಶೆಡ್ಡಿನಲ್ಲಿ ಯಾರೋ ಸೀಟಿ ಹೊಡೆದರು.

"ನಿನ್ನ ವರ್ನಿಯರ್ ಸರಿಯಾಗೇ ಇತ್ತು ಕಣಯ್ಯ" ಅಂದರು ಮೇಷ್ಟ್ರು.

ಸಿದ್ಧಾರ್ಥ ಜೇಬಿನಿಂದ ಆ ವರ್ನಿಯರನ್ನೇ ತೆಗೆದು ಮೇಜಿನ ಮೇಲಿಟ್ಟ. "ಇದನ್ನೂ ಒಂದ್ಸಲ ಅಳೆದು ಬರ್ಕೊಂಡ್ಬಿಡಿ ಸಾರ್. ಮುಂದೆ ಯಾರೂ ಕೇಳಬಾರದು."

ಮೊದಲು ನಕ್ಕವರು ಮೇಷ್ಟ್ರೇ. ನನ್ನ ಅಂದಿನ ಲೆಕ್ಕ: 'ಮರು ಅಳತೆ ೨೩. ಪಾಸು ೧೮. ನಿಜವಾಗಿ ದಪ್ಪ ೫.' ಆ ಐದು ಜನರೂ ತಾವೇ ಗೇಜು ಹಾಕಿ ನೋಡಿಕೊಂಡು ಒಪ್ಪಿದರು. ಬಾರದೆ ಇದ್ದ ಇಬ್ಬರೂ ಹದಿನೆಂಟರಲ್ಲಿದ್ದರು. ಅವರ ಮನೆಗೆ ರಂಗಣ್ಣ ಸೈಕಲ್ಲಿನಲ್ಲಿ ಸುದ್ದಿ ಒಯ್ದ.

ಸರ್ಟಿಫಿಕೇಟು ಬೆಂಗಳೂರಿನಿಂದ ಬರಬೇಕು. ಅಂಚೆಗೆ ಹಾಕಿದರೆ ಏಪ್ರಿಲ್ ಆಗುತ್ತದೆ ಎಂದು ಚಂದ್ರಶೇಖರಯ್ಯನವರು ನನ್ನನ್ನೇ ಕಡತದ ಜೊತೆ ಕಳಿಸಿದರು. ಅಲ್ಲಿ ಮೂರು ದಿನ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಡತದ ಹಿಂದೆಯೇ ನಡೆದೆ. ೧೯೯೮ರ ಮಾರ್ಚ್ ೩೦, ಸೋಮವಾರ, ಹಾಸನ ರಸ್ತೆಯ ಕಾರ್ಖಾನೆಯ ಗೇಟಿನಲ್ಲಿ ಸಿದ್ಧಾರ್ಥನ ಕೈಗೆ ಕೊಟ್ಟೆ. ಅವನ ಅಕ್ಕ ಶಾಲೆಗೆ ರಜೆ ಹಾಕಿ ಬಂದಿದ್ದಳು. ಗಡುವಿಗೆ ಒಂದು ದಿನ ಉಳಿದಿತ್ತು. ಸೂಪರ್‌ವೈಸರು ಅದನ್ನು ಓದಿ, "ಒಂದು ದಿನ ಮುಂಚೆಯೇ ಬಂದ್ಯಲ್ಲಯ್ಯ, ಒಳಗೆ ನಡಿ" ಅಂದರು. ಅವನು ಒಳಗೆ ಹೋದದ್ದನ್ನು ನೋಡಿಯೇ ನಾನು ಬಸ್ಸು ಹತ್ತಿದ್ದು.

ನನಗೆ ಮೆಮೊ ಬಂತು. ಚಂದ್ರಶೇಖರಯ್ಯನವರು ಮಾತಿಗೆ ತಪ್ಪುವವರಲ್ಲ. 'ಮಾದರಿ ಕೇಂದ್ರ' ವರದಿಯನ್ನು ಹಿಂದಕ್ಕೆ ಪಡೆಯುವ ಪತ್ರವನ್ನೂ ನನ್ನಿಂದಲೇ ಬರೆಸಿ ಎಲ್ಲ ಕೇಂದ್ರಗಳಿಗೂ ಕಳಿಸಿದರು. ಅದರ ಜೊತೆಗೇ ಎರಡು ನಿಯಮಗಳೂ ಹೋದವು. ಪರೀಕ್ಷೆಗೆ ಮೊದಲು ಅಪ್ರೆಂಟಿಸ್‌ಗಳ ಎದುರಿನಲ್ಲೇ ಗೇಜನ್ನು ಅಚ್ಚಿನಿಂದ ಅಳೆದು ತೋರಿಸಬೇಕು. ಫೇಲಾದವರನ್ನು ದಪ್ಪ, ತೆಳು ಎಂದು ಎರಡು ಕಲಂನಲ್ಲಿ ಬರೆದು ಕಳಿಸಬೇಕು. ಬೇಲೂರಿನ ಕೃಷ್ಣೇಗೌಡರು ಆ ಪತ್ರ ಓದಿ, "ನಾನು ಕತ್ತಲೇಲಿ ಪಾಸು ಮಾಡಿದೆ, ಅರಸೀಕೆರೆಯವ್ರು ಹೂವಿಟ್ಟು ಫೇಲು ಮಾಡಿದ್ರು. ಇಬ್ಬರಲ್ಲಿ ಯಾರು ವಾಸಿ ಹೇಳಮ್ಮ?" ಎಂದು ನಾನು ಹೋದಾಗಲೆಲ್ಲ ಕೇಳುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಅಂಕಪಟ್ಟಿ ಕಂಪ್ಯೂಟರಿಗೆ ಹೋಯಿತು. ಹೊಸ ನಮೂನೆಯಲ್ಲಿ ಪಾಸು, ಫೇಲು ಎರಡೇ ಮನೆಗಳಿದ್ದವು, ನನ್ನ ದಪ್ಪ-ತೆಳು ಕಲಂಗಳು ಮಾಯವಾಗಿದ್ದವು. ನಮೂನೆ ತಯಾರಿಸಿದ ಯುವಕನ ಹತ್ತಿರ ಹೋಗಿ ಅರಸೀಕೆರೆಯ ಹಾಳೆ ತೋರಿಸಿದೆ. ಅವನು ಅಲ್ಲೇ ಇನ್ನೆರಡು ಮನೆ ಸೇರಿಸಿಕೊಟ್ಟ.

೨೦೦೬ರ ಡಿಸೆಂಬರಿನಲ್ಲಿ ಅದೇ ಅರಸೀಕೆರೆ ಕೇಂದ್ರಕ್ಕೆ ಪರೀಕ್ಷೆಗೆ ಹೋಗಿದ್ದೆ. ಸಿದ್ದಲಿಂಗಪ್ಪ ಮೇಷ್ಟ್ರು ನಿವೃತ್ತರಾಗಿದ್ದರೂ ನೋಡಲು ಬಂದು ಮೂಲೆಯಲ್ಲಿ ಕೂತಿದ್ದರು. ತಮ್ಮ ಹುಡುಗರು ಯಾರೂ ಕೂರದ ಆ ಸಲ ಹಾಸನ ರಸ್ತೆಯ ಕಾರ್ಖಾನೆಯಿಂದ ಪರೀಕ್ಷಕನಾಗಿ ಬಂದವನು ಸಿದ್ಧಾರ್ಥ. ಸ್ವಲ್ಪ ದಪ್ಪಗಾಗಿದ್ದ, ಕನ್ನಡಕ ಬಂದಿತ್ತು. ಬೀರುವಿನಿಂದ ಅದೇ ಮಖಮಲ್ಲಿನ ಪೆಟ್ಟಿಗೆ ತೆಗೆದ. ಕುಂಕುಮ, ಚೆಂಡು ಹೂವು ಎಲ್ಲ ಪೆಟ್ಟಿಗೆಯ ಮುಚ್ಚಳದ ಮೇಲಿದ್ದವು. ಒಳಗೆ ಗೇಜು ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಮಲಗಿತ್ತು.

ಬಾಣಾವರದ ರೈಲಿಗೆ ಹೊತ್ತಾಗುತ್ತದೆಂದು ನಾನು, "ಬೇಗ ಶುರು ಮಾಡಪ್ಪ" ಅಂದೆ.

"ಇಲ್ಲ ಮೇಡಂ. ಮೊದ್ಲು ಹುಡುಗ್ರ ಮುಂದೆ ಗೇಜು ಅಳೀಬೇಕು. ರೂಲು ಐತೆ."

"ಆ ರೂಲು ಬರೆದೋಳು ನಾನೇ ಕಣೋ."

"ಅದಕ್ಕೇ ನೀವು ಇನ್ನೂ ಹತ್ರ ನಿಂತ್ಕೊಂಡು ನೋಡಬೇಕು, ಬನ್ನಿ" ಅಂದ. ಮೂಲೆಯಲ್ಲಿ ಮೇಷ್ಟ್ರು ಶಾಲು ಅಡ್ಡ ಹಿಡಿದು ನಗುತ್ತಿದ್ದರು. ಸಿದ್ಧಾರ್ಥ ಒಂದೊಂದು ಅಚ್ಚನ್ನೂ ಎತ್ತಿ ತೋರಿಸಿ, ಒಬ್ಬೊಬ್ಬ ಹುಡುಗನನ್ನೂ ಕರೆದು ಅವನ ಕೈಯಲ್ಲೇ ಹಾಕಿಸಿದ. ನನ್ನ ರೈಲು ತಪ್ಪಿತು.

ಮುಂದಿನ ರೈಲಿಗೆ ಕಾಯುತ್ತಾ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಅಂದಿನ ಡೈರಿ ಬರೆದೆ. ಆ ಪುಟ ಈಗ ನನ್ನ ಮುಂದಿದೆ. 'ಅರಸೀಕೆರೆ. ಕೂತವರು ೧೮. ಪಾಸು ೧೩. ಫೇಲು ೫. ದಪ್ಪ ೨, ತೆಳು ೩.'

ಎರಡೂ ಕಡೆಗೆ ತಪ್ಪಿದ್ದರು. ಅದರ ಕೆಳಗೆ ಗೆರೆ ಎಳೆದು ಪುಸ್ತಕ ಮುಚ್ಚಿದೆ.